ಸರ್ಕಾರದ ನಿರ್ಧಾರಕ್ಕೆ ಮೊಬೈಲ್‌ನಲ್ಲೇ ಮತ: ಇದು ಆಗುವ ಕೆಲಸವಾ?

2025ರಲ್ಲಿ ಮತದಾನದ ಬಗ್ಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾರಿಗಾದರೂ ಗೊಂದಲ ಆಗುತ್ತದೆ. ಜೂನ್ 28ರಂದು ಬಿಹಾರದ ಕೆಲವು ಪಟ್ಟಣಗಳಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಯಿತು. ವಯಸ್ಸಾದವರು, ಅಂಗವಿಕಲರು, ಗರ್ಭಿಣಿಯರು, ಊರು ಬಿಟ್ಟು ದುಡಿಯಲು ಹೋದವರು ಮೊಬೈಲ್ ಆ್ಯಪ್‌ನಲ್ಲಿ ಮತ ಹಾಕಿದರು. ಎರಡು ತಿಂಗಳು ಕಳೆದು, ಸೆಪ್ಟೆಂಬರ್ 4ರಂದು, ಕರ್ನಾಟಕದ ಸಚಿವ ಸಂಪುಟ ತೆಗೆದುಕೊಂಡ ತೀರ್ಮಾನ ಪೂರ್ತಿ ಉಲ್ಟಾ. ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಇವಿಎಂ ಕೂಡ ಬೇಡ, ಮತಪತ್ರವೇ ಇರಲಿ ಎಂದು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ಅದು ಒಪ್ಪಿತು.

ಅದೇ ತಿಂಗಳು ನೇಪಾಳದಲ್ಲಿ ಸರ್ಕಾರ ಬಿತ್ತು. ಬೀದಿಗಿಳಿದಿದ್ದ ಯುವಜನರು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಸೇರಿ, ಮಧ್ಯಂತರ ಪ್ರಧಾನಿ ಯಾರಾಗಬೇಕು ಎಂದು ಮತ ಹಾಕಿದರು. ಅಲ್ಲಿ ಮುಂದೆ ಬಂದ ಹೆಸರು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಅವರದು. ಸೆಪ್ಟೆಂಬರ್ 12ರಂದು ಅವರು ಪ್ರಮಾಣವಚನವನ್ನೂ ತೆಗೆದುಕೊಂಡರು. ಸೆಪ್ಟೆಂಬರ್ 28ರಂದು ಸ್ವಿಟ್ಜರ್ಲೆಂಡಿನ ಜನ, ಸರ್ಕಾರ ಡಿಜಿಟಲ್ ಗುರುತಿನ ಚೀಟಿ ಕೊಡಬೇಕೋ ಬೇಡವೋ ಎಂದು ತಾವೇ ಮತ ಹಾಕಿ ತೀರ್ಮಾನಿಸಿದರು. ಒಪ್ಪಿದವರು ನೂರಕ್ಕೆ 50.4.

ಒಬ್ಬರು ಮೊಬೈಲ್ ಕಡೆಗೆ, ಇನ್ನೊಬ್ಬರು ಕಾಗದದ ಕಡೆಗೆ. ಒಂದು ಕಡೆ ಪ್ರಧಾನಿಯನ್ನೇ ಆ್ಯಪ್‌ನಲ್ಲಿ ಆರಿಸುತ್ತಾರೆ, ಇನ್ನೊಂದು ಕಡೆ ಒಂದು ಗುರುತಿನ ಚೀಟಿಗೂ ದೇಶವೆಲ್ಲ ಮತ ಹಾಕಬೇಕು. ಹಾಗಾದರೆ ಐದು ವರ್ಷಕ್ಕೊಮ್ಮೆ ಶಾಸಕರನ್ನು ಆರಿಸಿ ಸುಮ್ಮನೆ ಕೂರುವ ಬದಲು, ಸರ್ಕಾರದ ದೊಡ್ಡ ನಿರ್ಧಾರಗಳಿಗೆ ನಾವೇ ಇಂಟರ್ನೆಟ್ ಮೂಲಕ ಮತ ಹಾಕಬಹುದಲ್ವಾ? ಈ ಪ್ರಶ್ನೆ ಈಗ ತುಂಬಾ ಜನರ ತಲೆಯಲ್ಲಿದೆ. ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಬೆರೆತುಹೋದ ಎರಡು ಪ್ರಶ್ನೆಗಳು

ಮೊದಲು ಒಂದು ಸಿಕ್ಕು ಬಿಡಿಸಬೇಕು. ಮತ ಯಾವುದಕ್ಕೆ ಎಂಬುದು ಒಂದು ಪ್ರಶ್ನೆ. ಮತ ಹಾಕುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. ಬಿಹಾರದಲ್ಲಿ ಬದಲಾದದ್ದು ‘ಹೇಗೆ’ ಮಾತ್ರ. ಜನ ಆರಿಸಿದ್ದು ಎಂದಿನಂತೆ ಪ್ರತಿನಿಧಿಗಳನ್ನೇ. ಸ್ವಿಟ್ಜರ್ಲೆಂಡಿನಲ್ಲಿ ‘ಯಾವುದಕ್ಕೆ’ ಎಂಬುದೇ ಬೇರೆ. ಅಲ್ಲಿ ಕಾನೂನಿಗೇ ನೇರವಾಗಿ ಮತ. ಆದರೆ ಮತ ಹೋಗುವುದು ಹೆಚ್ಚಾಗಿ ಅಂಚೆಯಲ್ಲಿ, ಕಾಗದದ ಮೇಲೆ.

ನೇಪಾಳದಲ್ಲಿ ಎರಡೂ ಒಟ್ಟಿಗೆ ಬಂದಂತೆ ಕಂಡಿತು. ಆದರೆ ಆ ಡಿಸ್ಕಾರ್ಡ್ ಗುಂಪಿಗೆ ಯಾರು ಬೇಕಾದರೂ ಸೇರಬಹುದಿತ್ತು. ವಯಸ್ಸಾಗಲಿ, ಯಾವ ದೇಶದವರು ಎಂಬುದಾಗಲಿ ಪರೀಕ್ಷೆ ಆಗಲಿಲ್ಲ. ಗುಂಪಿನಲ್ಲಿ ಲಕ್ಷಕ್ಕೂ ಹೆಚ್ಚು ಜನ ಇದ್ದರೂ ಕಾರ್ಕಿ ಅವರಿಗೆ ಬಿದ್ದ ಮತ ಎಂಟು ಸಾವಿರವನ್ನೂ ಮುಟ್ಟಲಿಲ್ಲ. ಕೊನೆಗೆ ಅವರ ನೇಮಕ ಆದದ್ದು ರಾಷ್ಟ್ರಪತಿ, ಸೇನಾ ಮುಖ್ಯಸ್ಥರು ಮತ್ತು ಹೋರಾಟಗಾರರ ಮಾತುಕತೆಯ ನಂತರ. ಆ್ಯಪ್‌ನ ಮತ ಒಂದು ಒತ್ತಡ ತಂದಿತು, ಒಂದು ಹೆಸರು ಕೊಟ್ಟಿತು. ಅದನ್ನು ಚುನಾವಣೆ ಎನ್ನಲಾಗದು. ಸರಿಯಾದ ಚುನಾವಣೆಗೆ ಅಲ್ಲೂ 2026ರ ಮಾರ್ಚ್ 5 ಎಂದು ದಿನ ಗೊತ್ತು ಮಾಡಬೇಕಾಯಿತು.

ಪರವಾಗಿ ಇರುವವರ ಮಾತು

ನೇರ ಮತದಾನ ಬೇಕು ಎನ್ನುವವರ ಸಿಟ್ಟಿಗೆ ಕಾರಣ ಇದೆ. ಓಟು ಕೇಳುವಾಗ ಒಂದು ಮಾತು, ಗೆದ್ದ ಮೇಲೆ ಇನ್ನೊಂದು. ಒಂದು ಪಕ್ಷದ ಚಿಹ್ನೆಯಲ್ಲಿ ಗೆದ್ದವರು ರೆಸಾರ್ಟ್ ಸೇರಿ ಇನ್ನೊಂದು ಪಕ್ಷದ ಸರ್ಕಾರ ತರುತ್ತಾರೆ. ಸಾವಿರಾರು ಕೋಟಿಯ ಯೋಜನೆಗಳು ಅಲ್ಲಿ ಬದುಕುವ ಜನರಿಗೆ ಗೊತ್ತಾಗುವ ಹೊತ್ತಿಗೆ ಟೆಂಡರ್ ಆಗಿರುತ್ತದೆ. ಬೆಂಗಳೂರನ್ನೇ ನೋಡಿ. ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ವಾರ್ಡಿನ ಚರಂಡಿಯ ಬಗ್ಗೆ ಕೇಳಲು ಒಬ್ಬ ಕಾರ್ಪೊರೇಟರ್ ಕೂಡ ಇಲ್ಲದ ಊರಿನವರು ‘ನಮ್ಮನ್ನೇ ನೇರವಾಗಿ ಕೇಳಿ’ ಎಂದರೆ ತಪ್ಪೇನಿದೆ?

ಇನ್ನೊಂದು ವಾದ ಖರ್ಚಿನದು. ಮತಗಟ್ಟೆ, ಸಿಬ್ಬಂದಿ, ಪೊಲೀಸರು, ಸಾಗಾಟ, ಎಣಿಕೆ ಇದ್ಯಾವುದೂ ಬೇಡ. ಒಮ್ಮೆ ವ್ಯವಸ್ಥೆ ಮಾಡಿದರೆ ತಿಂಗಳಿಗೊಮ್ಮೆ ಬೇಕಾದರೂ ಜನರನ್ನು ಕೇಳಬಹುದು. ದುಬೈನಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗರೂ ಪಾಲ್ಗೊಳ್ಳಬಹುದು. ಭಾರತದ ಪೌರತ್ವ ಉಳಿಸಿಕೊಂಡವರು ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು ಎಂದು 2010ರ ತಿದ್ದುಪಡಿ ಹೇಳುತ್ತದೆ. ಆದರೆ ಮತ ಹಾಕಲು ಊರಿಗೇ ಬರಬೇಕು. ಒಳನಾಡಿನ ವಲಸೆ ಕಾರ್ಮಿಕರ ಪಾಡೂ ಅದೇ. ಅವರಿಗಾಗಿ ಚುನಾವಣಾ ಆಯೋಗ 2023ರ ಜನವರಿಯಲ್ಲಿ ಒಂದು ದೂರ ಮತಯಂತ್ರವನ್ನು ಪಕ್ಷಗಳಿಗೆ ತೋರಿಸಲು ಹೊರಟಾಗ ವಿರೋಧ ಪಕ್ಷಗಳು ಒಪ್ಪಲಿಲ್ಲ.

ಹಾಗಾಗಿ ಸಮಸ್ಯೆ ನಿಜ. ಅದಕ್ಕೆ ಫೋನಿನಲ್ಲಿ ಒತ್ತುವ ಒಂದು ಬಟನ್ ಮದ್ದಾಗುತ್ತದೆಯೇ ಎಂಬುದನ್ನು ನೋಡಬೇಕು.

ಯುಪಿಐ ನಡೆಯುತ್ತೆ, ಮತ ಯಾಕೆ ನಡೆಯಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಭಾರತದಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ಯುಪಿಐ ವಹಿವಾಟು ನಡೆದಿದೆ. ತರಕಾರಿ ಗಾಡಿಯವರೂ ಕ್ಯೂಆರ್ ಕೋಡ್ ಇಟ್ಟಿದ್ದಾರೆ. ದುಡ್ಡನ್ನೇ ನಂಬಿ ಕೊಟ್ಟ ಮೇಲೆ ಮತ ಯಾವ ಲೆಕ್ಕ?

ಉತ್ತರ ಇಲ್ಲಿದೆ. ಯುಪಿಐನಲ್ಲಿ ಕಳಿಸಿದವರು ಯಾರು, ಪಡೆದವರು ಯಾರು, ಎಷ್ಟು ಎಂಬುದೆಲ್ಲ ದಾಖಲಾಗುತ್ತದೆ. ನಿಮಗೆ ಮೆಸೇಜ್ ಬರುತ್ತದೆ. ತಪ್ಪಾದರೆ ಬ್ಯಾಂಕಿಗೆ ಹೋಗಿ ಜಗಳ ಆಡಬಹುದು. ವಂಚನೆ ನಡೆಯುವುದೇ ಇಲ್ಲ ಅಂತಲ್ಲ, ದಿನಾ ನಡೆಯುತ್ತದೆ. ನಡೆದದ್ದು ಗೊತ್ತಾಗುತ್ತದೆ ಎಂಬುದೇ ಅಲ್ಲಿನ ಬಲ.

ಮತದಲ್ಲಿ ಹಾಗೆ ಮಾಡಲು ಆಗದು. ಯಾರು ಯಾರಿಗೆ ಹಾಕಿದರು ಎಂಬುದು ದಾಖಲಾದರೆ ಅದು ಗುಪ್ತ ಮತದಾನವೇ ಅಲ್ಲ. ದಾಖಲಾಗದಿದ್ದರೆ, ನಿಮ್ಮ ‘ಬೇಡ’ ದಾರಿಯಲ್ಲಿ ‘ಬೇಕು’ ಆಗಿ ಬದಲಾದದ್ದನ್ನು ಯಾರೂ ತೋರಿಸಿಕೊಡಲಾರರು. ಮತ ಗುಟ್ಟಾಗಿರಬೇಕು, ಎಣಿಕೆ ಎಲ್ಲರ ಕಣ್ಣ ಮುಂದೆ ಇರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಕಂಪ್ಯೂಟರ್ ವಿಜ್ಞಾನದಲ್ಲೇ ಕಷ್ಟದ ಕೆಲಸಗಳಲ್ಲಿ ಒಂದು. ಗಣಿತದ ದಾರಿಗಳಿವೆ. ಆದರೆ ಅವು ಎಷ್ಟು ಸೂಕ್ಷ್ಮ ಎಂಬುದು ಸ್ವಿಟ್ಜರ್ಲೆಂಡಿನಲ್ಲೇ ಗೊತ್ತಾಯಿತು.

ಅಲ್ಲಿನ ಅಂಚೆ ಇಲಾಖೆ 2019ರಲ್ಲಿ ತನ್ನ ಆನ್‌ಲೈನ್ ಮತದಾನದ ತಂತ್ರಾಂಶವನ್ನು ಪರೀಕ್ಷೆಗೆ ಬಿಟ್ಟಿತು. ಸಾರಾ ಜೇಮಿ ಲೂಯಿಸ್, ಒಲಿವಿಯೆ ಪೆರೇರಾ, ವನೆಸ್ಸಾ ಟೀಗ್ ಎಂಬ ಮೂವರು ಸಂಶೋಧಕರು ಅದರಲ್ಲಿ ದೊಡ್ಡ ದೋಷ ಕಂಡುಹಿಡಿದರು. ಒಳಗಿರುವ ಯಾರಾದರೂ ಮತಗಳನ್ನು ಬದಲಾಯಿಸಿ, ‘ಏನೂ ಬದಲಾಗಿಲ್ಲ’ ಎಂಬ ಗಣಿತದ ಪುರಾವೆಯನ್ನೂ ತಯಾರಿಸಬಹುದಿತ್ತು. ಅಂದರೆ ಕಳ್ಳತನವೂ ಆಗುತ್ತಿತ್ತು, ಕಳ್ಳತನ ಆಗಿಲ್ಲ ಎಂಬ ಸರ್ಟಿಫಿಕೇಟೂ ಸಿಗುತ್ತಿತ್ತು. ಅಲ್ಲಿ ಆನ್‌ಲೈನ್ ಮತದಾನವೇ ನಿಂತುಹೋಯಿತು. ಹೊಸದಾಗಿ ಕಟ್ಟಿದ ವ್ಯವಸ್ಥೆ ಶುರುವಾದದ್ದು 2023ರ ಜೂನ್‌ನಲ್ಲಿ, ಮೂರು ಪ್ರಾಂತ್ಯಗಳಲ್ಲಿ ಮಾತ್ರ. ಅದಕ್ಕೂ ಮಿತಿ ಇದೆ. ಒಂದು ಪ್ರಾಂತ್ಯದ ಮತದಾರರಲ್ಲಿ ನೂರಕ್ಕೆ 30, ಇಡೀ ದೇಶದಲ್ಲಿ ನೂರಕ್ಕೆ 10. ಅದಕ್ಕಿಂತ ಜಾಸ್ತಿ ಜನರಿಗೆ ಬಿಡುವ ಹಾಗಿಲ್ಲ.

ಸರ್ಕಾರದ ನಿರ್ಧಾರಗಳಿಗೆ ಬೇರೆ ಎಲ್ಲ ದೇಶಗಳಿಗಿಂತ ಹೆಚ್ಚು ಸಲ ಮತ ಹಾಕುವ ಜನ ಇಷ್ಟು ಎಚ್ಚರಿಕೆ ಇಟ್ಟುಕೊಂಡಿದ್ದಾರೆ. ಯಾಕೆ ಎಂಬುದಕ್ಕೆ ಡಿಜಿಟಲ್ ಗುರುತಿನ ಚೀಟಿಯ ಮತವೇ ಸಾಕ್ಷಿ. ಇಡೀ ದೇಶದಲ್ಲಿ ಪರ ಮತ್ತು ವಿರೋಧದ ನಡುವಿನ ಅಂತರ ಸುಮಾರು 21,000. ಇಂಥ ಫಲಿತಾಂಶದಲ್ಲಿ ಸೋತವರೂ ಎಣಿಕೆಯನ್ನು ನಂಬಬೇಕು. ನಂಬದಿದ್ದರೆ ಕಾನೂನು ಬಂದರೂ ಜಗಳ ನಿಲ್ಲುವುದಿಲ್ಲ.

ಮತಗಟ್ಟೆಯ ಆ ಮರೆ

ತಂತ್ರಜ್ಞಾನ ನಾಳೆ ಸುಧಾರಿಸಬಹುದು. ಆದರೆ ನಮ್ಮ ದೇಶದ ಮಟ್ಟಿಗೆ ಅದಕ್ಕಿಂತ ದೊಡ್ಡ ತೊಡಕು ಮನೆಯೊಳಗೆ, ಓಣಿಯೊಳಗೆ ಇದೆ.

ಮತಗಟ್ಟೆಯಲ್ಲಿ ಒಂದು ರಟ್ಟಿನ ಮರೆ ಇರುತ್ತದೆ. ಅದರ ಹಿಂದೆ ಹೋದ ಮೇಲೆ ಅಲ್ಲಿ ನೀವೊಬ್ಬರೇ. ಗಂಡ ಇಲ್ಲ, ಸಾಹುಕಾರ ಇಲ್ಲ, ಕೆಲಸ ಕೊಟ್ಟ ಮೇಸ್ತ್ರಿ ಇಲ್ಲ. ಚುನಾವಣೆ ಬಂದಾಗ ದುಡ್ಡು, ಸೀರೆ, ಕುಕ್ಕರ್ ಹಂಚುವುದು ನಮಗೆ ಹೊಸದೇನಲ್ಲ. ದೇವರ ಮುಂದೆ ಆಣೆ ಮಾಡಿಸುವುದೂ ಇದೆ. ಆಣೆ ಯಾಕೆ ಬೇಕಾಯಿತು? ಕೊಟ್ಟವರಿಗೆ ಪರೀಕ್ಷಿಸುವ ದಾರಿ ಇಲ್ಲ, ಅದಕ್ಕೆ. ತೆಗೆದುಕೊಂಡವರು ಒಳಗೆ ಹೋಗಿ ಯಾವ ಗುಂಡಿ ಒತ್ತಿದರು ಎಂದು ಅವರಿಗೆ ಎಂದೂ ಗೊತ್ತಾಗುವುದಿಲ್ಲ. ಬಡವರ ಕೈಯಲ್ಲಿ ಉಳಿದಿರುವ ದೊಡ್ಡ ಸ್ವಾತಂತ್ರ್ಯ ಅದು.

ಮತ ಫೋನಿಗೆ ಬಂದ ದಿನ ಆ ಮರೆ ಹೋಗುತ್ತದೆ. ದುಡ್ಡು ಕೊಟ್ಟವರು ಪಕ್ಕದಲ್ಲೇ ನಿಂತು ‘ಒತ್ತು ನೋಡೋಣ’ ಎನ್ನಬಹುದು. ಹತ್ತು ಮನೆಯ ಫೋನುಗಳನ್ನು ಒಂದು ಕಡೆ ತರಿಸಿಕೊಳ್ಳಬಹುದು. ಸ್ಕ್ರೀನಿನ ಫೋಟೋ ಕೇಳಬಹುದು. ಬಿಹಾರದ ಆ್ಯಪ್‌ನಲ್ಲಿ ಮುಖ ಗುರುತಿಸುವ ವ್ಯವಸ್ಥೆ ಇತ್ತು. ಅದು ಫೋನಿನ ಮುಂದೆ ಇರುವವರು ಯಾರು ಎಂದು ಹೇಳುತ್ತದೆ. ಅವರ ಹಿಂದೆ ಯಾರು ನಿಂತಿದ್ದಾರೆ ಎಂದು ಹೇಳುವುದಿಲ್ಲ. ಒಂದೇ ಮೊಬೈಲ್ ನಂಬರ್‌ನಲ್ಲಿ ಇಬ್ಬರು ಮತದಾರರು ನೋಂದಾಯಿಸಲು ಅಲ್ಲಿ ಅವಕಾಶವೂ ಇತ್ತು. ಮನೆಗೊಂದೇ ಫೋನ್ ಇರುವ ಕಡೆ ಅದು ಅನಿವಾರ್ಯ. ಆದರೆ ಆ ಫೋನ್ ಯಾರ ಜೇಬಿನಲ್ಲಿರುತ್ತದೆ ಎಂಬುದು ನಮಗೆಲ್ಲ ಗೊತ್ತು.

ಅಂಕಿಅಂಶವೂ ಅದನ್ನೇ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇನೆ ಎಂದ ಗಂಡಸರು ನೂರಕ್ಕೆ 57. ಹೆಂಗಸರು ನೂರಕ್ಕೆ 33. ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ನೂರಕ್ಕೆ 54. ಆಮೇಲೆ ಈ ಸಂಖ್ಯೆಗಳು ಏರಿರಬಹುದು. ಆದರೆ ಮತಗಟ್ಟೆಯ ಸಾಲಿನಲ್ಲಿ ಗಂಡಸರಿಗೆ ಸಮನಾಗಿ ನಿಲ್ಲುವ ಹೆಂಗಸರು, ಫೋನಿನ ಸಾಲಿನಲ್ಲಿ ಹಿಂದೆ ಬೀಳುತ್ತಾರೆ.

ಸರ್ಕಾರದ ನಿರ್ಧಾರಗಳ ಮೇಲಿನ ಮತದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಶಾಸಕರ ಆಯ್ಕೆಯಲ್ಲಿ ನೂರು ಲೆಕ್ಕಾಚಾರ ಇರುತ್ತದೆ. ಒಂದು ಕಲ್ಲು ಕ್ವಾರಿಗೆ ಅನುಮತಿ ಕೊಡಬೇಕೋ ಬೇಡವೋ ಎಂಬುದರಲ್ಲಿ ಲಾಭ ಯಾರಿಗೆ ಎಂಬುದು ಸ್ಪಷ್ಟ. ಲಾಭ ಪಡೆಯುವವರು ಕೆಲವರೇ, ಅವರ ಹತ್ತಿರ ದುಡ್ಡೂ ಇದೆ, ಊರಿನಲ್ಲಿ ಹಿಡಿತವೂ ಇದೆ. ಕೊಳ್ಳಲು ಬೇಕಾದ ಮತಗಳೂ ಕಡಿಮೆ.

ಎಸ್ಟೋನಿಯಾ ತೋರಿಸುವುದೇನು?

ಈ ಮಾತಿಗೆ ಎದುರಾಗಿ ಎಲ್ಲರೂ ಎಸ್ಟೋನಿಯಾವನ್ನು ಮುಂದಿಡುತ್ತಾರೆ. ಸರಿಯಾದ ಉದಾಹರಣೆಯೇ. ಸುಮಾರು 13 ಲಕ್ಷ ಜನರ ಆ ದೇಶ 2005ರಿಂದ ಇಂಟರ್ನೆಟ್ ಮತದಾನ ನಡೆಸುತ್ತಿದೆ. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಆನ್‌ಲೈನ್‌ನಲ್ಲೇ ಬಂದವು. ಬಲವಂತದ ಸಮಸ್ಯೆಗೆ ಅವರು ಒಂದು ಉಪಾಯ ಮಾಡಿದ್ದಾರೆ. ಎಷ್ಟು ಸಲ ಬೇಕಾದರೂ ಮತ ಹಾಕಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ. ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಆನ್‌ಲೈನ್ ಮತ ರದ್ದು. ಯಾರಾದರೂ ಹೆದರಿಸಿ ಹಾಕಿಸಿಕೊಂಡರೆ ಆಮೇಲೆ ಬದಲಾಯಿಸಬಹುದು.

ಒಳ್ಳೆಯ ಉಪಾಯ. ಆದರೆ ಇದು ನಡೆಯಲು ಪ್ರತಿಯೊಬ್ಬರ ಹತ್ತಿರ ಚಿಪ್ ಇರುವ ಗುರುತಿನ ಚೀಟಿ ಇರಬೇಕು, ಅದರ ಪಿನ್ ಅವರಿಗೊಬ್ಬರಿಗೇ ಗೊತ್ತಿರಬೇಕು, ಆ ಚೀಟಿ ಅವರ ಕೈಯಲ್ಲೇ ಇರಬೇಕು. ಕೂಲಿಯವರ ಎಟಿಎಂ ಕಾರ್ಡನ್ನೇ ಸಾಲ ಕೊಟ್ಟವರು ಇಟ್ಟುಕೊಳ್ಳುವ ಕಡೆ ಈ ಮೂರನ್ನೂ ಹೇಗೆ ಖಾತ್ರಿ ಮಾಡುವುದು? ಎಸ್ಟೋನಿಯಾದಲ್ಲೇ 2017ರಲ್ಲಿ ಚಿಪ್‌ನ ದೋಷದಿಂದ ಸುಮಾರು ಏಳೂವರೆ ಲಕ್ಷ ಚೀಟಿಗಳು ಅಪಾಯಕ್ಕೆ ಸಿಕ್ಕಿದ್ದವು.

ಇನ್ನೊಂದು ಸಂಗತಿಯನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಆನ್‌ಲೈನ್ ಮಾಡಿದರೆ ಮತದಾನದ ಪ್ರಮಾಣ ಏರುತ್ತದೆ ಎಂಬ ನಿರೀಕ್ಷೆ ಅಲ್ಲಿ ನಿಜವಾಗಲಿಲ್ಲ. ಸಂಸತ್ ಚುನಾವಣೆಗೆ ಮೊದಲ ಸಲ ಆನ್‌ಲೈನ್ ಮತ ತಂದ 2007ರಲ್ಲಿ ಒಟ್ಟು ಮತದಾನ ನೂರಕ್ಕೆ 62ರ ಹತ್ತಿರ. 2023ರಲ್ಲಿ ನೂರಕ್ಕೆ 63.5. ಮೊದಲೇ ಮತ ಹಾಕುತ್ತಿದ್ದವರು ದಾರಿ ಬದಲಾಯಿಸಿದರು, ಅಷ್ಟೇ. ಬಿಹಾರದಲ್ಲಿ ಆ್ಯಪ್‌ಗೆ ನೋಂದಾಯಿಸಿದವರಲ್ಲಿ ನೂರಕ್ಕೆ 70ರಷ್ಟು ಜನ ಅದರಲ್ಲಿ ಮತ ಹಾಕಿದರು ಎಂಬ ಸುದ್ದಿಯನ್ನೂ ಹೀಗೇ ಓದಬೇಕು. ಅವರು ತಾವಾಗಿಯೇ ಮುಂದೆ ಬಂದು ಹೆಸರು ಕೊಟ್ಟವರು. ಅವರ ಉತ್ಸಾಹವನ್ನು ಊರಿನ ಎಲ್ಲರ ಉತ್ಸಾಹ ಎಂದು ತಿಳಿಯುವ ಹಾಗಿಲ್ಲ.

ತಪ್ಪಾದರೆ ಎಷ್ಟು ತಪ್ಪಾಗುತ್ತದೆ

ಅಮೆರಿಕದ ವಾಷಿಂಗ್ಟನ್ ನಗರ 2010ರಲ್ಲಿ ತನ್ನ ಆನ್‌ಲೈನ್ ಮತದಾನ ವ್ಯವಸ್ಥೆಯನ್ನು ಪರೀಕ್ಷೆಗೆ ಇಟ್ಟು, ಯಾರು ಬೇಕಾದರೂ ಭೇದಿಸಿ ನೋಡಿ ಎಂದಿತು. ಮಿಷಿಗನ್ ವಿಶ್ವವಿದ್ಯಾಲಯದ ಜೆ. ಅಲೆಕ್ಸ್ ಹಾಲ್ಡರ್‌ಮನ್ ಮತ್ತು ಅವರ ವಿದ್ಯಾರ್ಥಿಗಳು 48 ಗಂಟೆಯೊಳಗೆ ಒಳಹೊಕ್ಕು ಎಲ್ಲ ಮತಗಳನ್ನೂ ಬದಲಾಯಿಸಿದರು. ಅಧಿಕಾರಿಗಳ ಗಮನಕ್ಕೆ ಅದು ಬಂದದ್ದು, ಮತ ಹಾಕಿದ ಮೇಲೆ ಅವರ ವಿಶ್ವವಿದ್ಯಾಲಯದ ಹಾಡು ಕೇಳುವಂತೆ ಆ ತಂಡವೇ ಮಾಡಿಟ್ಟಿದ್ದರಿಂದ.

ರಷ್ಯಾದಲ್ಲಿ ಹೊರಗಿನ ಕಳ್ಳರ ಚಿಂತೆಯೇ ಬೇಕಿರಲಿಲ್ಲ. 2021ರ ಸಂಸತ್ ಚುನಾವಣೆಯಲ್ಲಿ ಮಾಸ್ಕೋದ ಹಲವು ಕ್ಷೇತ್ರಗಳಲ್ಲಿ ಕಾಗದದ ಎಣಿಕೆಯಲ್ಲಿ ಸರ್ಕಾರದ ವಿರೋಧಿಗಳು ಮುಂದಿದ್ದರು. ಆನ್‌ಲೈನ್ ಮತಗಳನ್ನು ತಡವಾಗಿ ಸೇರಿಸಿದ ಮೇಲೆ ಎಲ್ಲ ಕಡೆ ಸರ್ಕಾರದ ಪರ ಇದ್ದವರು ಗೆದ್ದರು. ಸೋತವರು ಮರುಎಣಿಕೆ ಕೇಳಿದರೆ ಎಣಿಸಲು ಏನಿದೆ?

ಮತಗಟ್ಟೆ ವಶಪಡಿಸಿಕೊಳ್ಳುವ ಕಾಲ ನಮ್ಮಲ್ಲೂ ಇತ್ತು. ಆದರೆ ಅದಕ್ಕೆ ಪ್ರತಿ ಮತಗಟ್ಟೆಗೂ ಜನ ಬೇಕಿತ್ತು, ನೋಡಿದವರು ಇರುತ್ತಿದ್ದರು. ಸರ್ವರ್‌ಗೆ ಕೈ ಹಾಕುವವರಿಗೆ ಒಂದು ದೋಷ ಸಿಕ್ಕರೆ ಸಾಕು, ಲಕ್ಷ ಮತ ಒಟ್ಟಿಗೆ ಬದಲಾಗುತ್ತದೆ.

ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ಇದಕ್ಕೆ ಒಂದು ಅಳತೆಗೋಲು ಕೊಟ್ಟಿತು. ಚುನಾವಣೆಯ ಮುಖ್ಯ ಹಂತಗಳನ್ನು ಯಾವ ವಿಶೇಷ ತಾಂತ್ರಿಕ ಜ್ಞಾನವೂ ಇಲ್ಲದ ಸಾಮಾನ್ಯ ಪ್ರಜೆ ತಾನೇ ಪರೀಕ್ಷಿಸಲು ಆಗಬೇಕು ಎಂದಿತು. ಅಲ್ಲಿ ಬಳಸಿದ್ದ ಮತಯಂತ್ರಗಳು ಆ ಪರೀಕ್ಷೆಯಲ್ಲಿ ಸೋತವು. ನಮ್ಮಲ್ಲಿ ಇವಿಎಂ ಮೇಲಿನ ವಾದ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್‌ ಮುಂದೆ ಬಂದಾಗ, ಮತಪತ್ರಕ್ಕೆ ಮರಳುವ ಬೇಡಿಕೆಯನ್ನು ಕೋರ್ಟ್ ಒಪ್ಪಲಿಲ್ಲ. ಇವಿಎಂ ಇಂಟರ್ನೆಟ್‌ಗೆ ಸೇರಿಲ್ಲ, ಪಕ್ಕದಲ್ಲಿ ಮತ ಯಾರಿಗೆ ಬಿತ್ತು ಎಂದು ತೋರಿಸುವ ವಿವಿಪ್ಯಾಟ್ ಚೀಟಿ ಇದೆ, ಏಜೆಂಟರು ಕೂತಿರುತ್ತಾರೆ. ಇಷ್ಟಿದ್ದೂ ಅನುಮಾನ ಹೋಗಿಲ್ಲ. ಈ ಯಾವುದೂ ಇಲ್ಲದ ಆ್ಯಪ್‌ನ ಫಲಿತಾಂಶವನ್ನು ಸೋತವರು ಒಪ್ಪುತ್ತಾರೆ ಎಂದು ನಂಬುವುದು ಕಷ್ಟ.

ಪ್ರಶ್ನೆ ಬರೆಯುವವರು ಯಾರು?

ಈಗ ಯಾವ ದೋಷವೂ ಇಲ್ಲದ ಆ್ಯಪ್ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಆಗಲೂ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ. ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರಿಸುವವರು ನಾವು, ಪ್ರಶ್ನೆ ಬರೆಯುವವರು ಯಾರು? ಯಾವಾಗ ಕೇಳಬೇಕು ಎಂದು ಗೊತ್ತು ಮಾಡುವವರು ಯಾರು?

2016ರ ಜೂನ್ 23ರಂದು ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟ ಬಿಡಬೇಕು ಎಂದರು. ಪರವಾಗಿ ನೂರಕ್ಕೆ 51.9. ಬಿಡುವುದು ಹೇಗೆ ಎಂದು ಯಾರೂ ಕೇಳಿರಲಿಲ್ಲ. ಅದನ್ನು ತೀರ್ಮಾನಿಸಲು ಮೂರೂವರೆ ವರ್ಷ ಹಿಡಿಯಿತು. ಪ್ರಧಾನಿಯಾಗಿದ್ದ ತೆರೇಸಾ ಮೇ ತಂದ ಒಪ್ಪಂದವನ್ನು ಸಂಸತ್ತು ಮೂರು ಸಲ ತಿರಸ್ಕರಿಸಿತು. ಪ್ರತಿ ಗುಂಪೂ ‘ಜನ ಹೇಳಿದ್ದು ಇದನ್ನೇ’ ಎಂದು ವಾದಿಸಿತು. ಜನ ಹೇಳಿದ್ದು ಒಂದು ಪದ ಮಾತ್ರ.

ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನ ನೇರ ಮತದಿಂದ ಆಸ್ತಿ ತೆರಿಗೆಗೆ ಮಿತಿ ಹಾಕಿದರು. ಶಾಲೆಗಳ ಆದಾಯ ಕುಸಿಯಿತು. ಹತ್ತು ವರ್ಷದ ನಂತರ, ಶಾಲೆಗಳಿಗೆ ಇಂತಿಷ್ಟು ಹಣ ಕೊಡಲೇಬೇಕು ಎಂದು ಅದೇ ಜನ ಮತ ಹಾಕಿದರು. ಎರಡೂ ಬೇರೆ ಬೇರೆಯಾಗಿ ನೋಡಿದರೆ ಸರಿ ಕಾಣುತ್ತವೆ. ತೆರಿಗೆ ಕಡಿಮೆ ಆಗಲಿ ಎಂದರೂ ಒಪ್ಪುತ್ತೇವೆ, ಶಾಲೆಗೆ ಹಣ ಬೇಕು ಎಂದರೂ ಒಪ್ಪುತ್ತೇವೆ. ಬಜೆಟ್ ಮಾಡುವವರು ಮಾತ್ರ ಎರಡನ್ನೂ ಒಂದೇ ಹಾಳೆಯಲ್ಲಿ ಕೂರಿಸಬೇಕು. ಕರ್ನಾಟಕದಲ್ಲಿ ಬಸ್ ಪ್ರಯಾಣ ಉಚಿತ ಇರಲಿ ಎಂಬುದಕ್ಕೆ ಒಂದು ಮತ, ಹಾಲಿನ ದರ ಏರಬಾರದು ಎಂಬುದಕ್ಕೆ ಇನ್ನೊಂದು, ನೀರಾವರಿಗೆ ಹಣ ಹೆಚ್ಚಿಸಿ ಎಂಬುದಕ್ಕೆ ಮತ್ತೊಂದು ಇಟ್ಟರೆ ಮೂರೂ ಗೆಲ್ಲುತ್ತವೆ. ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಮತಕ್ಕೆ ಬರುವುದೇ ಇಲ್ಲ.

ಅದೇ ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮುಂತಾದ ಕಂಪನಿಗಳು ಸುಮಾರು 20 ಕೋಟಿ ಡಾಲರ್ ಖರ್ಚು ಮಾಡಿ ಒಂದು ಪ್ರಸ್ತಾವವನ್ನು ಗೆಲ್ಲಿಸಿಕೊಂಡವು. ಚಾಲಕರನ್ನು ನೌಕರರು ಎಂದು ಪರಿಗಣಿಸಬೇಕಾಗಿಲ್ಲ ಎಂಬುದು ಆ ಪ್ರಸ್ತಾವ. ಮತ ಹಾಕಿದ್ದು ಜನರೇ. ಪ್ರಶ್ನೆ ತಂದದ್ದು, ಜಾಹೀರಾತು ತುಂಬಿಸಿದ್ದು ಕಂಪನಿಗಳು.

ಬಹುಮತಕ್ಕೆ ಬಿಡಬಾರದ ವಿಷಯಗಳೂ ಇವೆ. ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಬಂದದ್ದು 1971ರಲ್ಲಿ. ನಮ್ಮ ಅಜ್ಜಿಯರು ಅದಕ್ಕೂ ಎರಡು ದಶಕ ಮೊದಲೇ, ಗಣರಾಜ್ಯದ ಮೊದಲ ಚುನಾವಣೆಯಲ್ಲೇ ಮತ ಹಾಕಿದ್ದರು. ಅಲ್ಲಿ ತಡವಾಗಲು ಒಂದು ದೊಡ್ಡ ಕಾರಣ, ಹೆಂಗಸರಿಗೆ ಮತ ಕೊಡಬೇಕೋ ಬೇಡವೋ ಎಂದು ಗಂಡಸರ ಮತ ಕೇಳಿದ್ದು. 1959ರಲ್ಲಿ ನೂರಕ್ಕೆ 67 ಗಂಡಸರು ಬೇಡ ಎಂದಿದ್ದರು. ದೇವಸ್ಥಾನ ಪ್ರವೇಶ, ಮೀಸಲಾತಿ, ಅಂತರ್ಜಾತಿ ಮದುವೆ ಇಂಥವನ್ನು 1950ರ ದಶಕದಲ್ಲಿ ನಮ್ಮಲ್ಲಿ ಬಹುಮತಕ್ಕೆ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಎದೆ ನಡುಗುತ್ತದೆ.

ಲೈಕುಗಳ ಲೆಕ್ಕ

‘ಕಡ್ಡಾಯ ಮಾಡುವುದು ಬೇಡ, ಸುಮ್ನೆ ಜನರ ಅಭಿಪ್ರಾಯ ಆನ್‌ಲೈನ್‌ನಲ್ಲಿ ಎಣಿಸೋಣ’ ಎನ್ನುವವರೂ ಇದ್ದಾರೆ. ಅಲ್ಲೂ ಎಚ್ಚರ ಬೇಕು. ಅಮೆರಿಕದ ಸಂವಹನ ಆಯೋಗ 2017ರಲ್ಲಿ ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್ ಕಂಪನಿಗಳು ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕು ಎಂಬ) ನಿಯಮಗಳ ಬಗ್ಗೆ ಅಭಿಪ್ರಾಯ ಕೇಳಿತು. ಬಂದವು ಎರಡು ಕೋಟಿಗೂ ಹೆಚ್ಚು. ಅದರಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್‌ನ ಅಟಾರ್ನಿ ಜನರಲ್ 2021ರಲ್ಲಿ ವರದಿ ಕೊಟ್ಟರು. 85 ಲಕ್ಷದಷ್ಟು ಬ್ರಾಡ್‌ಬ್ಯಾಂಡ್ ಕಂಪನಿಗಳ ದುಡ್ಡಿನಿಂದ ಬಂದವು, ನಿಜವಾದ ಜನರ ಹೆಸರನ್ನು ಅವರಿಗೇ ಗೊತ್ತಿಲ್ಲದೆ ಬಳಸಿದ್ದರು. 77 ಲಕ್ಷವನ್ನು 19 ವರ್ಷದ ಒಬ್ಬನೇ ವಿದ್ಯಾರ್ಥಿ ಸೃಷ್ಟಿಸಿದ್ದ.

ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೂ ಇಂಥದ್ದೇ ಪ್ರಸಂಗ ಎದುರಾಯಿತು. 2015ರ ಕೊನೆಯಲ್ಲಿ ಅದು ಇಂಟರ್ನೆಟ್ ದರದ ಬಗ್ಗೆ ಕೆಲವು ಖಚಿತ ಪ್ರಶ್ನೆ ಕೇಳಿತು. ಫೇಸ್‌ಬುಕ್ ಕೆಲವೇ ತಾಣಗಳನ್ನು ಉಚಿತವಾಗಿ ಕೊಡುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಒಂದೇ ಪಠ್ಯವನ್ನು ಬಳಕೆದಾರರಿಂದ ಲಕ್ಷಗಟ್ಟಲೆ ಕಳಿಸಿತು. ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇರಲಿಲ್ಲ. ಟ್ರಾಯ್ ಅದನ್ನು ಖಂಡಿಸಿ ಪತ್ರ ಬರೆಯಿತು. ಎಷ್ಟು ಜನ ಎಂಬುದನ್ನು ಬಿಟ್ಟು ಏನು ವಾದ ಎಂಬುದನ್ನು ನೋಡಿ, 2016ರ ಫೆಬ್ರುವರಿ 8ರಂದು ಅಂಥ ಭೇದಭಾವದ ದರಗಳನ್ನು ನಿಷೇಧಿಸಿತು. ಇದು ಭಾರತದ ಇಂಟರ್ನೆಟ್ ಚರ್ಚೆಯಲ್ಲಿ ಮರೆಯಬಾರದ ತೀರ್ಮಾನ.

ಉಲ್ಟಾ ಉದಾಹರಣೆ ಬೆಂಗಳೂರಿನದು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಯೋಜನೆ ಬಂತು. ಜನರ ಅಭಿಪ್ರಾಯ ಕೇಳಿದ್ದೀರಾ ಎಂದರೆ, ಬಂದ 299 ಇ-ಮೇಲ್‌ಗಳಲ್ಲಿ ನೂರಕ್ಕೆ 73 ಪರವಾಗಿವೆ ಎಂದು ಬಿಡಿಎ ಹೇಳಿತು ಎಂದು ಆಗ ವರದಿಯಾಗಿತ್ತು. ಸಾವಿರಾರು ಕೋಟಿಯ ಯೋಜನೆ, ಕೋಟಿ ಜನರ ಊರು, 299 ಇ-ಮೇಲ್. ಆ ಅಕ್ಟೋಬರ್‌ನಲ್ಲಿ ಸಾವಿರಾರು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಹನ್ನೆರಡು ಊರು ಹೇಳಿದ ‘ಬೇಡ’

ಹಾಗಾದರೆ ಜನ ನೇರವಾಗಿ ತೀರ್ಮಾನಿಸಲೇಬಾರದಾ? ಖಂಡಿತ ತೀರ್ಮಾನಿಸಬೇಕು, ಮತ್ತು ಭಾರತದಲ್ಲಿ ಅದು ನಡೆದಿದೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ವೇದಾಂತ ಕಂಪನಿಗಾಗಿ ಬಾಕ್ಸೈಟ್ ಗಣಿ ತೆರೆಯುವ ಪ್ರಸ್ತಾವವಿತ್ತು. ಅಲ್ಲಿನ ಡೋಂಗ್ರಿಯಾ ಕೊಂಡ ಬುಡಕಟ್ಟಿನವರಿಗೆ ಆ ಬೆಟ್ಟವೇ ದೇವರು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಇದನ್ನು ಅಲ್ಲಿನ ಗ್ರಾಮಸಭೆಗಳ ಮುಂದಿಡಿ ಎಂದಿತು. ಹನ್ನೆರಡು ಊರುಗಳಲ್ಲಿ ಸಭೆ ನಡೆಯಿತು. ನ್ಯಾಯಾಂಗದ ಅಧಿಕಾರಿಯೊಬ್ಬರು ಪ್ರತಿ ಸಭೆಯಲ್ಲೂ ಇದ್ದರು. ಜನ ಎದ್ದು ನಿಂತು ತಮ್ಮ ಭಾಷೆಯಲ್ಲೇ ಯಾಕೆ ಬೇಡ ಎಂದು ಹೇಳಿದರು. ಹನ್ನೆರಡಕ್ಕೆ ಹನ್ನೆರಡೂ ಬೇಡ ಎಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು.

ಇಲ್ಲಿ ಮತ ಗುಟ್ಟಾಗಿರಲಿಲ್ಲ, ಎಲ್ಲರ ಎದುರೇ ಹೇಳಿದರು. ಅದು ನಡೆದದ್ದು ಊರಿಗೆ ಊರೇ ಒಗ್ಗಟ್ಟಾಗಿದ್ದರಿಂದ, ನ್ಯಾಯಾಂಗದ ಕಾವಲು ಇದ್ದಿದ್ದರಿಂದ. ಒಡೆದ ಊರಿನಲ್ಲಿ ಗುಟ್ಟಾದ ಮತಚೀಟಿಯೇ ಬೇಕು. ಆದರೆ ನಿಯಮಗಿರಿಯಲ್ಲಿದ್ದ ಬೇರೆ ಸಂಗತಿಗಳನ್ನು ನೋಡಿ. ಕೇಳಿದ್ದು ನೇರವಾಗಿ ಪೆಟ್ಟು ಬೀಳುವವರನ್ನು. ಪ್ರಶ್ನೆ ಒಂದೇ, ಖಚಿತ. ಮೊದಲು ವರ್ಷಗಟ್ಟಲೆ ಚರ್ಚೆ ಆಗಿತ್ತು. ಸರ್ಕಾರ ಕೊನೆಯ ತೀರ್ಮಾನವನ್ನು ಆ ಫಲಿತಾಂಶ ನೋಡಿಯೇ ಮಾಡಬೇಕಿತ್ತು. ಇದನ್ನೇ ದೇಶವ್ಯಾಪಿ ಆ್ಯಪ್‌ಗೆ ಹಾಕಿದ್ದರೆ, ಆ ಬೆಟ್ಟವನ್ನು ನೋಡಿಯೇ ಇಲ್ಲದ ಕೋಟಿ ಜನ ಒಂದು ಕ್ಷಣದಲ್ಲಿ ಅದರ ಹಣೆಬರಹ ಬರೆಯುತ್ತಿದ್ದರು.

ನಮ್ಮ ಸಂವಿಧಾನದಲ್ಲಿ ದೇಶವ್ಯಾಪಿ ಜನಮತಗಣನೆಗೆ ಅವಕಾಶ ಬರೆದಿಲ್ಲ. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಎಂದು 1967ರ ಜನವರಿ 16ರಂದು ಮತ ನಡೆದದ್ದು ಅದಕ್ಕೆಂದೇ ಮಾಡಿದ ಕಾನೂನಿನಿಂದ. ಸೇರುವುದು ಬೇಡ ಎಂದವರು ಸುಮಾರು 34,000 ಮತಗಳಿಂದ ಗೆದ್ದರು. ಆ ಫಲಿತಾಂಶ ಇಂದಿಗೂ ನಿಂತಿದೆ. ಗ್ರಾಮಸಭೆಗೆ ಮಾತ್ರ ಸಂವಿಧಾನದ 243ಎ ವಿಧಿಯ ಬಲವೇ ಇದೆ. ಅದನ್ನು ನಾವು ಫಲಾನುಭವಿಗಳ ಪಟ್ಟಿ ಓದುವ ಸಭೆಯಾಗಿ ಮಾಡಿಟ್ಟಿದ್ದೇವೆ. ಇದು ನಿಜಕ್ಕೂ ನೋವಿನ ಸಂಗತಿ.

ಇಂಟರ್ನೆಟ್ ಎಲ್ಲಿ ಬೇಕು?

ಮತಕ್ಕಿಂತ ಮುಂಚಿನ ಹಂತದಲ್ಲಿ ಬೇಕು. ತೈವಾನ್ ಇದನ್ನು ಚೆನ್ನಾಗಿ ಮಾಡಿ ತೋರಿಸಿದೆ. ಅಲ್ಲಿನ ‘ಜಾಯಿನ್’ ಎಂಬ ಸರ್ಕಾರಿ ತಾಣದಲ್ಲಿ ಒಂದು ಬೇಡಿಕೆಗೆ 60 ದಿನದಲ್ಲಿ 5,000 ಜನ ಸಹಿ ಹಾಕಿದರೆ ಸಂಬಂಧಪಟ್ಟ ಇಲಾಖೆ ಎರಡು ತಿಂಗಳಲ್ಲಿ ಬರವಣಿಗೆಯಲ್ಲೇ ಉತ್ತರ ಕೊಡಬೇಕು. 2015ರಲ್ಲಿ ಊಬರ್ ಬಗ್ಗೆ ದೊಡ್ಡ ಜಗಳ ಎದ್ದಾಗ, ಜನರ ಹೇಳಿಕೆಗಳನ್ನು ಆನ್‌ಲೈನ್‌ನಲ್ಲಿ ಸಂಗ್ರಹಿಸಿದರು. ಇನ್ನೊಬ್ಬರ ಹೇಳಿಕೆಗೆ ಒಪ್ಪಿಗೆ ಅಥವಾ ಅಸಮ್ಮತಿ ಸೂಚಿಸಬಹುದು, ಆದರೆ ಪ್ರತಿಕ್ರಿಯೆ ಬರೆದು ಜಗಳ ಆಡುವಂತಿಲ್ಲ. ಟ್ಯಾಕ್ಸಿಯವರು ಮತ್ತು ಊಬರ್ ಬಳಸುವವರು ಎರಡೂ ಕಡೆಯವರು ಒಪ್ಪುವ ಮಾತುಗಳು ಯಾವುವು ಎಂಬುದು ಮೇಲೆ ಬಂತು. ನಿಯಮ ಮಾಡಿದ್ದು ಸರ್ಕಾರವೇ, ಆದರೆ ಆ ಮಾತುಗಳನ್ನು ಇಟ್ಟುಕೊಂಡು.

ಸ್ವಿಟ್ಜರ್ಲೆಂಡಿನಲ್ಲೂ ಮತದ ದಿನಕ್ಕಿಂತ ಅದರ ಹಿಂದಿನ ತಿಂಗಳುಗಳೇ ಮುಖ್ಯ. ಸಂಸತ್ತು ಮಾಡಿದ ಕಾನೂನನ್ನು ಪ್ರಶ್ನಿಸಬೇಕಾದರೆ 100 ದಿನದಲ್ಲಿ 50,000 ಸಹಿ ಬೇಕು. ಆಮೇಲೆ ಪರ-ವಿರೋಧದ ವಾದಗಳಿರುವ ಒಂದು ಪುಸ್ತಿಕೆ ಪ್ರತಿ ಮತದಾರರ ಮನೆಗೆ ಬರುತ್ತದೆ. ಸರ್ಕಾರಕ್ಕೆ ಒಪ್ಪಿಗೆಯಾಗದ ವಾದವೂ ಅದರಲ್ಲಿ ಅಚ್ಚಾಗುತ್ತದೆ. ಮತದ ದಿನಗಳೂ ಮೊದಲೇ ಗೊತ್ತಿರುತ್ತವೆ, ಸರ್ಕಾರ ತನಗೆ ಅನುಕೂಲವಾದ ದಿನ ಹುಡುಕುವಂತಿಲ್ಲ.

ಕರ್ನಾಟಕದಲ್ಲಿ ಇದನ್ನು ಮಾಡಲು ಹೊಸ ಆ್ಯಪ್‌ಗಿಂತ ಇರುವ ನಿಯಮಗಳಿಗೆ ಜೀವ ಕೊಡುವುದು ಸುಲಭ. ಒಂದು ಯೋಜನೆಯ ಕರಡು, ನಕ್ಷೆ, ಖರ್ಚು ಎಲ್ಲವೂ ಕನ್ನಡದಲ್ಲಿ ಆನ್‌ಲೈನ್‌ಗೆ ಬರಲಿ. ಆಕ್ಷೇಪಣೆಗಳು ಮತ್ತು ಅದಕ್ಕೆ ಇಲಾಖೆ ಕೊಟ್ಟ ಉತ್ತರ ಎಲ್ಲರಿಗೂ ಕಾಣಲಿ. ಇಂತಿಷ್ಟು ಮತದಾರರ ಸಹಿ ಬಂದರೆ ಆ ವಿಷಯ ವಾರ್ಡ್ ಸಭೆಗೋ ಗ್ರಾಮಸಭೆಗೋ ಬರಲೇಬೇಕು ಎಂದಾಗಲಿ. ಅಲ್ಲಿ ಒಮ್ಮತ ಬಾರದಿದ್ದರೆ ಮುಂದಿನ ಸ್ಥಳೀಯ ಚುನಾವಣೆಯ ದಿನ ಇನ್ನೊಂದು ಮತಪತ್ರ ಸೇರಿಸಿ ಕೇಳಲಿ. ಮತಗಟ್ಟೆ, ಸಿಬ್ಬಂದಿ ಹೇಗೂ ಇರುತ್ತಾರೆ, ಖರ್ಚು ಜಾಸ್ತಿ ಆಗುವುದಿಲ್ಲ.

ಕೇಂದ್ರ ಸರ್ಕಾರದ ಮಟ್ಟದಲ್ಲಿ 2014ರಿಂದ ಒಂದು ನೀತಿ ಇದೆ. ಯಾವುದೇ ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಟ್ಟು ಅಭಿಪ್ರಾಯ ಪಡೆಯಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಪ್ರಕಟಿಸಬೇಕು ಎಂದು ಅದು ಹೇಳುತ್ತದೆ. ಅದು ಕಾನೂನಲ್ಲ, ಹಾಗಾಗಿ ಎಷ್ಟೋ ಮಸೂದೆಗಳು ಅದನ್ನು ದಾಟಿಕೊಂಡು ಸಂಸತ್ತಿಗೆ ಹೋಗಿವೆ. ಆ 30 ದಿನಗಳನ್ನು ಕಡ್ಡಾಯ ಮಾಡಿ ಎಂದು ಕೇಳಲು ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ. ಮುಂದಿನ ಸಲ ಮನೆ ಬಾಗಿಲಿಗೆ ಬರುವ ಅಭ್ಯರ್ಥಿಗಳನ್ನು ಇದರ ಬಗ್ಗೆ ಕೇಳಬಹುದು.